ಗೂಡು ಕಟ್ಟಿದ ಲಿಲ್ಲಿ

ಈ ಸಲದ ಫ್ಲವರ್ ಶೋದಲ್ಲಿ ಮೊದಲ ಬಹುಮಾನ ನನ್ನದೇ ಎಂದು ನಾನು ಘೋಷಣೆ ಮಾಡಿದ್ದು ಬಿಡದಿಯ ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ತಟ್ಟೆ ಇಡ್ಲಿಯನ್ನು ಸಾಕ್ಷಿಯಾಗಿಟ್ಟುಕೊಂಡು, ಇಡೀ ಮೊದಲ ಶಿಫ್ಟಿನ ಸಮಕ್ಷಮದಲ್ಲಿ. ಘೋಷಣೆ ಮಾಡುವಾಗ ನನ್ನ ಹತ್ತಿರ ಗಿಡ ಇರಲಿಲ್ಲ. ಕುಂಡ ಇರಲಿಲ್ಲ. ನೆಡಲು ಗೆಡ್ಡೆಯೂ ಇರಲಿಲ್ಲ. ಇವೆಲ್ಲ ಇದ್ದರೆ ಮಾತ್ರ ಘೋಷಣೆ ಮಾಡಬೇಕೆಂಬ ನಿಯಮವಿದ್ದಿದ್ದರೆ ಈ ದೇಶದಲ್ಲಿ ಒಂದು ಅಡಿಗಲ್ಲನ್ನೂ ಯಾರೂ ನೆಡುತ್ತಿರಲಿಲ್ಲ.

ನಾನು ಕನಕರಾಜು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಊರು ಬೈರಮಂಗಲದ ಮಗ್ಗುಲಲ್ಲೇ. ಫ್ಯಾಕ್ಟರಿಗಳು ಬಂದ ಮೇಲೆ ನಮ್ಮ ಕಡೆ ಅರ್ಧ ಊರು ಬೆಳಗ್ಗೆ ಯೂನಿಫಾರಂ ತೊಟ್ಟು ಬಸ್ಸು ಹತ್ತುತ್ತದೆ, ಉಳಿದರ್ಧ ಊರು ಮನೆಯಲ್ಲಿದ್ದು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತದೆ. ನಮ್ಮ ಮನೆಯಲ್ಲಿ ಯೂನಿಫಾರಂ ನನ್ನದು, ಹುಳ ನನ್ನ ಹೆಂಡತಿ ಸರಸಮ್ಮನದು. ಎರಡರಲ್ಲಿ ಯಾವುದಕ್ಕೆ ಮರ್ಯಾದೆ ಹೆಚ್ಚು ಎನ್ನುವುದನ್ನು ನೀವು ಕೇಳಬಾರದು, ನಾನು ಹೇಳಬಾರದು. ಹುಳು ಪೊರೆ ಬಿಡುವ ಕಾಲವನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ, ಬಾಗಿಲು ದಡಾರನೆ ಹಾಕುವಂತಿಲ್ಲ. ನನಗೆ ಜ್ವರ ಬಂದರೆ ಒಂದು ಮಾತ್ರೆ ಕೊಟ್ಟು, ಹುಳದ ಮನೆ ಕಡೆ ಕೆಮ್ಮಬೇಡಿ ಎನ್ನುತ್ತಾಳೆ.

ಲಿಲ್ಲಿಯ ಹುಚ್ಚು ಹತ್ತಿಸಿದವರು ನಮ್ಮ ಕಂಪನಿಗೆ ಬಂದ ಹೊರದೇಶದ ಸಾಹೇಬರು. ಅವರು ಬರುತ್ತಾರೆಂದು ರಿಸೆಪ್ಷನ್ನಿನಲ್ಲಿ ಗಾಜಿನ ಹೂಜಿಯೊಳಗೆ ಬಿಳಿ ಲಿಲ್ಲಿ ಹೂಗಳನ್ನು ನಿಲ್ಲಿಸಿದ್ದರು. ಒಂದೊಂದು ಹೂವೂ ಊಟದ ತಟ್ಟೆಯಷ್ಟು ಅಗಲ. ಒಳಗೆ ಬಂದ ಸಾಹೇಬರು ಸಾಲಾಗಿ ನಿಂತಿದ್ದ ನಮ್ಮನ್ನು ದಾಟಿ ಹೋಗಿ ಆ ಹೂವಿನ ಮುಂದೆ ಬಗ್ಗಿದರು. ಮೂಸಿದರೋ ನಮಸ್ಕಾರ ಮಾಡಿದರೋ ದೂರದಲ್ಲಿದ್ದ ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ, ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಸಿಗದ ಗೌರವ ಅದಾಗಿತ್ತು. ಬೆಳೆದರೆ ಇದನ್ನು ಬೆಳೆಯಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಅದೇ ಹೊತ್ತಿಗೆ ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಆ ಉತ್ಸಾಹದಲ್ಲಿ ‘ರೇಷ್ಮೆ ನಾಡು ಪುಷ್ಪಪ್ರೇಮಿಗಳ ಬಳಗ’ ಎಂಬುದೊಂದು ಹುಟ್ಟಿಕೊಂಡು ಜನವರಿಯಲ್ಲಿ ಹೂವಿನ ಪ್ರದರ್ಶನ ಇಟ್ಟುಕೊಂಡಿತು. ಗೆಡ್ಡೆ ಹೂವುಗಳ ವಿಭಾಗಕ್ಕೆ ಒಂದು ಶೀಲ್ಡು. ನಮ್ಮ ಕ್ವಾಲಿಟಿ ವಿಭಾಗದ ಮನೋಹರ್ ಅದರ ಮೇಲೆ ಆಗಲೇ ಕಣ್ಣು ಹಾಕಿದ್ದ. ಹಿಂದಿನ ವರ್ಷ ಕಂಪನಿಯ ಪ್ರದರ್ಶನದಲ್ಲಿ ಡೇಲಿಯಾ ಇಟ್ಟು ಗೆದ್ದವನು ಅವನು. ಆ ಕಪ್ಪನ್ನು ಮನೆಗೂ ಒಯ್ಯದೆ ಆಫೀಸಿನ ಕಂಪ್ಯೂಟರ್ ಪಕ್ಕದಲ್ಲೇ ಇಟ್ಟುಕೊಂಡು, ಯಾರಾದರೂ ಬಂದರೆ ಕರವಸ್ತ್ರದಲ್ಲಿ ಒರೆಸುತ್ತಿದ್ದ. ಯಾರೂ ಬರದಿದ್ದರೆ ತಾನೇ ಹೋಗಿ ಕರೆತಂದು ಒರೆಸುತ್ತಿದ್ದ. ನನ್ನ ಘೋಷಣೆ ಆಗಿದ್ದು ಅವನ ಎದುರಿಗೇ. ಹಾಗಾಗಿ ವಾಪಸು ತೆಗೆದುಕೊಳ್ಳುವ ದಾರಿ ಇರಲಿಲ್ಲ. ಗೆದ್ದರೆ ಶೀಲ್ಡು ನಮ್ಮ ಮನೆಯ ಟಿವಿ ಮೇಲೆ. ಸೋತರೆ ನಿವೃತ್ತಿಯಾಗುವ ತನಕ ಕ್ಯಾಂಟೀನಿನಲ್ಲಿ ತಲೆ ತಗ್ಗಿಸಿಕೊಂಡು ಇಡ್ಲಿ ತಿನ್ನಬೇಕು.

ಬೆಂಗಳೂರಿನ ನರ್ಸರಿಯೊಂದರಿಂದ ಮೂರು ಗೆಡ್ಡೆ ತಂದೆ. ದಪ್ಪ ಬೆಳ್ಳುಳ್ಳಿಯ ಹಾಗಿದ್ದವು. ಸಾರಿಗೆ ಹಾಕಿಬಿಡಬೇಡ ಎಂದು ಸರಸಮ್ಮನನ್ನು ಮೊದಲೇ ಎಚ್ಚರಿಸಿದೆ. ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ಬೆಳ್ಳುಳ್ಳಿಯ ಗುರುತು ಸಿಗುತ್ತದೆ, ನಿಮಗೆ ಗಿಡದ ಗುರುತು ಸಿಗುತ್ತದೋ ನೋಡಿಕೊಳ್ಳಿ ಎಂದಳು.

ಮೂರರಲ್ಲಿ ಎರಡಕ್ಕೆ ನಾನು ಅತಿ ಪ್ರೀತಿಯಿಂದ ರೇಷ್ಮೆ ಹುಳದ ಹಸಿ ಹಿಕ್ಕೆಯನ್ನು ಗೊಬ್ಬರವಾಗಿ ತುಂಬಿದೆ. ಹಸಿ ಹಿಕ್ಕೆ ಮಣ್ಣಿನೊಳಗೆ ಕಾಯುತ್ತದೆ, ಗೆಡ್ಡೆ ಬೇಯುತ್ತದೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಸ್ಪರ್ಧಾಳು ತನ್ನ ತಂತ್ರವನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ, ಆದ್ದರಿಂದ ಕೇಳಲಿಲ್ಲ. ಅವೆರಡೂ ಬೆಂದು ಹೋದವು. ಮೂರನೆಯದನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿಟ್ಟು ಮರೆತಿದ್ದೆ. ಮರೆತಿದ್ದರಿಂದಲೇ ಅದು ಬದುಕಿತು.

ಅದು ಮೊಳಕೆಯೊಡೆದ ದಿನದಿಂದ ನನ್ನ ಜೀವನಕ್ರಮವೇ ಬದಲಾಯಿತು. ನಮ್ಮ ಕೆರೆಯ ನೀರು ಬೆಂಗಳೂರಿನ ಕಡೆಯಿಂದ ಬರುವಾಗಲೇ ಹಾಲುಕ್ಕಿದ ಹಾಗೆ ನೊರೆ ಹೊತ್ತುಕೊಂಡು ಬರುತ್ತದೆ. ಅದನ್ನು ನನ್ನ ಲಿಲ್ಲಿಗೆ ಕುಡಿಸುವುದೇ? ಫ್ಯಾಕ್ಟರಿಯ ಫಿಲ್ಟರಿನಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದೆ. ಎಲೆಗೆ ಹೇನು ಬಿದ್ದಾಗ ಔಷಧಿ ಹೊಡೆಯೋಣವೆಂದರೆ ಹುಳದ ಮನೆಯ ಸುತ್ತ ಔಷಧಿ ಎಂಬ ಮಾತನ್ನೂ ಆಡುವಂತಿಲ್ಲ. ಹಾಗಾಗಿ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಒರೆಸುತ್ತ ಕೂರುತ್ತಿದ್ದೆ. ಸರಸಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಒಳಗೆ ಬರುವಾಗೊಮ್ಮೆ ನಿಂತು ನೋಡಿ, ಮಕ್ಕಳು ಚಿಕ್ಕವರಿದ್ದಾಗ ಅವರ ಮೂಗನ್ನು ಒಂದು ಸಲವಾದರೂ ಹೀಗೆ ಒರೆಸಿದ್ದರೆ ನಮ್ಮ ಭಾನುಪ್ರಿಯಳಿಗೆ ವರ್ಷವೆಲ್ಲ ನೆಗಡಿ ಇರುತ್ತಿರಲಿಲ್ಲ ಎಂದು ಹೇಳಿ ಹೋದಳು.

ಗಿಡ ನನ್ನ ಎದೆಯೆತ್ತರ ಬಂತು. ಬೆನ್ನು ನೆಟ್ಟಗೆ, ಸುತ್ತಲೂ ಕಿರಿದಾದ ಎಲೆಗಳ ಸಾಲು, ನೆತ್ತಿಯ ಮೇಲೆ ಮೂರು ಮೊಗ್ಗು. ಮೊಗ್ಗುಗಳು ಎಂಥವೆಂದರೆ, ಅವುಗಳ ಮುಂದೆ ನಿಂತಾಗ ನನಗೆ ನನ್ನದೇ ಸನ್ಮಾನ ಸಮಾರಂಭದಲ್ಲಿ ನಿಂತ ಹಾಗೆ ಆಗುತ್ತಿತ್ತು. ಆದರೆ ತೊಡಕು ಶುರುವಾದದ್ದೂ ಆ ಮೊಗ್ಗುಗಳಿಂದಲೇ. ಪ್ರದರ್ಶನ ಭಾನುವಾರ. ಹೂವು ಅರಳಬೇಕಾದದ್ದು ಅವತ್ತು ಬೆಳಗ್ಗೆ. ಮುಂಚೆ ಅರಳಿದರೆ ಬಾಡುತ್ತದೆ, ತಡವಾದರೆ ತೀರ್ಪುಗಾರರಿಗೆ ಮೊಗ್ಗು ತೋರಿಸಿ ಭರವಸೆ ಕೊಡಬೇಕಾಗುತ್ತದೆ. ಅದರ ಹಿಂದಿನ ವಾರ ಬಿಸಿಲು ಜೋರಾಯಿತು. ಹಿಂದಿನ ಭಾನುವಾರಕ್ಕೇ ಮೊಗ್ಗು ಉಬ್ಬಿ ಬೆಳ್ಳಗಾಗತೊಡಗಿತು. ನರ್ಸರಿಯವನಿಗೆ ಫೋನು ಮಾಡಿದೆ. ತಂಪಾದ ಕತ್ತಲೆ ಜಾಗದಲ್ಲಿಟ್ಟರೆ ತಡೆಯುತ್ತದೆ ಎಂದ.

ಮೊದಲು ಫ್ರಿಜ್ಜಿನ ತಟ್ಟೆಗಳನ್ನೆಲ್ಲ ಕಿತ್ತು ಅಳತೆ ನೋಡಿದೆ. ಫ್ರಿಜ್ಜು ನನ್ನ ಲಿಲ್ಲಿಗಿಂತ ಒಂದು ಮೊಳ ಗಿಡ್ಡ. ಇನ್ನು ಉಳಿದಿದ್ದು ಒಂದೇ ಜಾಗ, ಹುಳದ ಮನೆ. ಮೇಲೆ ತೆಂಗಿನ ಗರಿ, ಬಾಗಿಲಿಗೆ ಒದ್ದೆ ಗೋಣಿ ಪರದೆ, ನಡುಮಧ್ಯಾಹ್ನವೂ ಒಳಗೆ ಹೋದರೆ ಮೈ ತಣ್ಣಗಾಗುವ ತಂಪು. ನನ್ನ ಸ್ವಂತ ಮನೆಯಲ್ಲಿ ನನಗೂ ಸಿಗದ ಸೌಕರ್ಯ.

ಆದರೆ ಅಲ್ಲಿ ಸರಸಮ್ಮನ ಕಾನೂನು. ಹುಳಕ್ಕೆ ವಾಸನೆ ಆಗುವುದಿಲ್ಲ. ಊದುಬತ್ತಿ, ಬೀಡಿ, ಸೆಂಟು ಹಾಕಿಕೊಂಡ ನೆಂಟರು, ಯಾವುದೂ ಆ ಬಾಗಿಲು ದಾಟುವಂತಿಲ್ಲ. ಹುಳ ಇದ್ದಷ್ಟು ದಿನ ಅವಳು ತಲೆಗೆ ಮಲ್ಲಿಗೆ ಮುಡಿಯುವುದಿಲ್ಲ, ವಾಸನೆಯಿಲ್ಲದ ಕನಕಾಂಬರ ಮಾತ್ರ. ಅಂಥ ಜಾಗಕ್ಕೆ, ಅರಳಿದರೆ ಬೀದಿಯ ತುದಿಗೆ ಘಮ್ಮೆನ್ನುವ ಹೂವನ್ನು ಒಯ್ಯಬೇಕು. ನಾನು ವಕೀಲನ ಹಾಗೆ ವಾದ ಮಾಡಿದೆ. ಮೊಗ್ಗಿಗೆ ವಾಸನೆ ಇಲ್ಲ, ಮೂಗಿಟ್ಟು ನೋಡು ಎಂದೆ. ಅವಳು ನಿಜವಾಗಿ ಮೂಗಿಟ್ಟು ನೋಡಿದಳು. ಆಮೇಲೆ ಕರಾರು ಹಾಕಿದಳು. ಅರಳುವ ಸೂಚನೆ ಕಂಡರೆ ಗಿಡ ಹೊರಗೆ. ಜೊತೆಗೆ, ಹುಳ ಇನ್ನೇನು ಹಣ್ಣಾಗುತ್ತವೆ, ಗೂಡು ಕಟ್ಟಿಸಲು ಚಂದ್ರಂಕಿ ಬೇಕು, ದೊಡ್ಡಹನುಮಯ್ಯನವರ ಹತ್ತಿರ ಹೋಗಿ ಮೊದಲೇ ಹೇಳಿಟ್ಟು ಹೊತ್ತಿಗೆ ಸರಿಯಾಗಿ ತರುವ ಜವಾಬ್ದಾರಿ ನನ್ನದು.

ಚಂದ್ರಂಕಿ ಎಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಹೆಣೆದದ್ದು. ಹಣ್ಣಾದ ಹುಳಗಳನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿ ಹಿಡಿದು ಗೂಡು ಕಟ್ಟುತ್ತವೆ. ಎಲ್ಲರ ಮನೆಯಲ್ಲೂ ಬೇಕಾದಷ್ಟು ಇರುವುದಿಲ್ಲ, ದೊಡ್ಡಹನುಮಯ್ಯನಂಥವರಿಂದ ಬಾಡಿಗೆಗೆ ತರುತ್ತಾರೆ. ಸುಲಭದ ಕೆಲಸ. ನಾನು ಒಪ್ಪಿದೆ.

ಒಪ್ಪಿದವನು ಹೋಗಲಿಲ್ಲ. ಸೋಮವಾರ ಗಿಡಕ್ಕೆ ಊರುಗೋಲಾಗಿ ಬಿದಿರು ಕಡ್ಡಿ ಹುಡುಕುತ್ತಿದ್ದೆ. ಮಂಗಳವಾರ ಅರ್ಧ ದಿನ ರಜ ಹಾಕಿ ರಾಮನಗರಕ್ಕೆ ಹೋಗಿ, ಪ್ರದರ್ಶನದ ಛತ್ರದಲ್ಲಿ ಯಾವ ಮೂಲೆಗೆ ಬೆಳಕು ಚೆನ್ನಾಗಿ ಬೀಳುತ್ತದೆಂದು ನೋಡಿ ಬಂದೆ. ಬುಧವಾರ ಮನೋಹರನ ಡೇಲಿಯಾ ನೋಡುವ ನೆಪದಲ್ಲಿ ಅವನ ಮನೆಗೆ ಹೋಗಿ ಹೊಟ್ಟೆ ಉರಿಸಿಕೊಂಡು ಬಂದೆ. ಗುರುವಾರ ಬೆಳಗ್ಗೆ ಸರಸಮ್ಮ ಹುಳ ಹಣ್ಣಾದವು ಎಂದಾಗ, ಅದಕ್ಕೇನಂತೆ ಎಂದು ಗಾಡಿ ಹತ್ತಿ ದೊಡ್ಡಹನುಮಯ್ಯನವರ ಹಟ್ಟಿಗೆ ಹೋದೆ.

ಹಟ್ಟಿ ಬೋಳು. ಬಿಸಿಲಿಗೋ ಏನೋ ಆ ಸಲ ಸುತ್ತಲಿನ ಊರುಗಳ ಹುಳಗಳೆಲ್ಲ ಒಟ್ಟಿಗೇ ಹಣ್ಣಾಗಿದ್ದವು. ಗೋಡೆಗೆ ಒರಗಿಸಿದ್ದ ನಾಲ್ಕು ಮುರುಕು ಚಂದ್ರಂಕಿ ಬಿಟ್ಟರೆ ಬೇರೇನಿಲ್ಲ. ದೊಡ್ಡಹನುಮಯ್ಯ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

“ಒಂದು ಮಾತು ಮೊದ್ಲೇ ಏಳಿದ್ರೆ ತೆಗೆದಿಟ್ಟಿರ್ತಿದ್ದೆ ಕಣಪ್ಪ ಕನಕರಾಜ. ಸೋಮವಾರ ನಮ್ಮ ಮನೆ ಮುಂದೇನೇ ಓದೆ. ಕೈಲಿ ಅದೇನೋ ಬಿದಿರುಕಡ್ಡಿ ಇಡ್ಕಂಡಿದ್ದೆ.”

ಇದ್ದ ನಾಲ್ಕನ್ನೇ ಗಾಡಿಗೆ ಕಟ್ಟಿಕೊಂಡು ಬಂದೆ. ಮನೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಹಣ್ಣು ಹುಳ ಆಯುತ್ತಿದ್ದರು. ಹಣ್ಣಾದ ಹುಳು ಮೈಯೆಲ್ಲ ಹಳದಿ ತಿರುಗಿ, ಸೊಪ್ಪು ಮುಟ್ಟದೆ, ತಲೆ ಎತ್ತಿ ಆಕಡೆ ಈಕಡೆ ಆಡಿಸುತ್ತ ಜಾಗ ಹುಡುಕುತ್ತದೆ. ಜಾಗ ಕೊಡದಿದ್ದರೆ ನೂಲನ್ನು ಎಲ್ಲೆಂದರಲ್ಲಿ ಸುರಿದು ಹಾಳು ಮಾಡುತ್ತದೆ. ಅಷ್ಟು ದಿನದ ಆರೈಕೆ, ಅಷ್ಟು ಸೊಪ್ಪು, ಅಷ್ಟು ನಿದ್ದೆಗೇಡು ಎಲ್ಲ ಆ ಒಂದು ಬೆಳಗ್ಗೆ ಮಣ್ಣುಪಾಲು. ಸರಸಮ್ಮ ನನ್ನ ಗಾಡಿಯ ಕಡೆ ನೋಡಿದಳು. ಗಾಡಿಯ ಹಿಂದೆ ಇನ್ನೊಂದು ಗಾಡಿ ಬರುತ್ತದೇನೋ ಎಂದು ರಸ್ತೆಯ ಕಡೆ ನೋಡಿದಳು.

“ಮಿಕ್ಕವೆಲ್ಲಿ?”

“ಒಸಿ ಕಮ್ಮಿ ಬಿದ್ದವೆ,” ಎಂದೆ.

ಅವಳು ಬೈಯಲಿಲ್ಲ. ಬೈಯುವಷ್ಟು ಪುರುಸೊತ್ತಿರಲಿಲ್ಲ. ಮನೆಯಲ್ಲಿ ಏನೇನಕ್ಕೆ ಸಂದಿಗೊಂದಿ ಇದೆಯೋ ಅದೆಲ್ಲ ಮುಂದಿನ ಗಳಿಗೆಯಲ್ಲಿ ಚಂದ್ರಂಕಿಯಾಯಿತು. ರಾಗಿ ಹುಲ್ಲಿನ ಕಂತೆ, ಒಣಗಿದ ತೊಗರಿ ಕಡ್ಡಿ, ತಿರುಗಿಸಿಟ್ಟ ಹಳೆಯ ಕುಕ್ಕೆ, ಮಕ್ಕಳ ಹರಿದ ಸ್ಕೂಲ್ ಬ್ಯಾಗು. ನನ್ನ ಹೆಲ್ಮೆಟ್ಟನ್ನು ಮಗುಚಿ ಅದರೊಳಗೂ ಒಂದು ಹಿಡಿ ಹುಳ ಬಿಟ್ಟಳು. ಇನ್ನೂ ಒಂದು ಮಂಕರಿ ಉಳಿದಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ಹುಳದ ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಕಣ್ಣು ಮೂಲೆಗೆ ಹೋಗಿ ನಿಂತಿತು. ಅಲ್ಲಿ, ಕೆಳಗಿನಿಂದ ಮೇಲಿನವರೆಗೆ ಕಿರಿದಾದ ಎಲೆ, ಎಲೆಯೆಲೆಯ ನಡುವೆ ಹದವಾದ ಸಂದಿ, ಬೇಕೆಂದೇ ಹೆಣೆಸಿದ ಹಾಗೆ ನನ್ನ ಲಿಲ್ಲಿ.

“ಅದು ಗಿಡ ಕಣೆ,” ಎಂದೆ.

“ನಂಗೂ ಕಣ್ಣವೆ.”

“ಶೋಗೆ ಹೋಗೋ ಗಿಡ.”

“ಹುಳ ತಲೆ ಎತ್ಕಂಡು ನಿಂತವೆ. ನಿಮ್ಮ ಶೋ ಮುಗಿಯೋಗಂಟ ಕಾಯ್ತಾವಾ, ನೀವೇ ಕೇಳ್ನೋಡಿ.”

ನಾನು ಕೇಳಲಿಲ್ಲ. ಅವಳು ಮಂಕರಿಯಿಂದ ಹಿಡಿ ಹಿಡಿಯಾಗಿ ಹುಳ ತೆಗೆದು, ದೇವರಿಗೆ ಅಕ್ಷತೆ ಹಾಕಿದಷ್ಟು ನಾಜೂಕಾಗಿ ನನ್ನ ಗಿಡದ ಮೇಲೆ ಬಿಟ್ಟಳು. ಅವು ಒಂದು ಕ್ಷಣ ತಲೆಯಾಡಿಸಿದವು. ಆಮೇಲೆ ಇದೇ ವಿಳಾಸಕ್ಕೆ ಬಂದವರ ಹಾಗೆ ಒಂದೊಂದು ಎಲೆಯ ಕಂಕುಳಿಗೆ ಹೋಗಿ ಕೂತು ಕೆಲಸ ಶುರುಮಾಡಿದವು.

ಶುಕ್ರವಾರ ಸಂಜೆಗೆ ಗಿಡದ ತುಂಬ ಗೂಡು. ಹೊಂಬಣ್ಣದ, ನೆಲಗಡಲೆ ಕಾಯಿಯಷ್ಟು ದಪ್ಪದ ಗೂಡುಗಳು ಬುಡದಿಂದ ಕುತ್ತಿಗೆಯವರೆಗೆ. ಎಲೆಗೆ ಎಲೆ ಅಂಟಿಕೊಂಡಿತ್ತು. ನೆತ್ತಿಯ ಮೇಲಿನ ಮೂರು ಮೊಗ್ಗುಗಳು ಮಾತ್ರ, ಪ್ರವಾಹದಲ್ಲಿ ಮಾಳಿಗೆ ಹತ್ತಿ ನಿಂತ ಸಂಸಾರದ ಹಾಗೆ, ಮೇಲೆ ಉಳಿದಿದ್ದವು. ಕೀಳೋಣವೆಂದರೆ ಒಳಗೆ ಹುಳು ಇನ್ನೂ ಎಳಸು, ಕೀಳುವಾಗ ಒಡೆದು ಗೂಡಿಗೆಲ್ಲ ಕಲೆ ಹತ್ತುತ್ತದೆ. ಬಿಡಿಸುವ ದಿನ ಮಂಗಳವಾರ. ಪ್ರದರ್ಶನ ಭಾನುವಾರ. ಗಿಡ ಅಲ್ಲಾಡಿಸುವಂತಿಲ್ಲ ಎಂದು ಅವಳು, ಗಿಡ ಒಯ್ಯದಿದ್ದರೆ ನಾನು ಫ್ಯಾಕ್ಟರಿಯಲ್ಲಿ ಮುಖ ತೋರಿಸುವಂತಿಲ್ಲ ಎಂದು ನಾನು. ಶನಿವಾರವೆಲ್ಲ ಇದೇ ಮಾತುಕತೆ. ಕೊನೆಗೆ ಅವಳು, ಗಿಡ ಹೋಗುವುದಾದರೆ ಗೂಡಿನ ಕಾವಲಿಗೆ ತಾನೂ ಬರುತ್ತೇನೆ, ಒಂದು ಗೂಡು ಉದುರಿದರೂ ಗಿಡವನ್ನು ಅಲ್ಲಿಂದಲೇ ವಾಪಸು ತರುತ್ತೇನೆ ಎಂದಳು. ಎರಡು ದೇಶಗಳ ನಡುವೆ ಒಪ್ಪಂದವಾದಷ್ಟು ಬಳಲಿ ನಾವಿಬ್ಬರೂ ಊಟಕ್ಕೆ ಕೂತೆವು.

ಭಾನುವಾರ ಬೆಳಗ್ಗೆ ನೋಡುತ್ತೇನೆ, ಮೂರಕ್ಕೆ ಮೂರೂ ಹೂವು ಅರಳಿ ನಿಂತಿದ್ದವು. ಹೇಳಿ ಮಾಡಿಸಿದ ಹಾಗೆ. ಹುಳಗಳೆಲ್ಲ ಗೂಡಿನೊಳಗೆ ಸೇರಿಯಾಗಿದ್ದರಿಂದ ವಾಸನೆಯ ಕರಾರು ಯಾರಿಗೂ ನೆನಪಾಗಲಿಲ್ಲ. ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ. ನಡುವೆ ಕೇಸರದ ತುದಿಯಲ್ಲಿ ಇಟ್ಟಿಗೆ ಬಣ್ಣದ ಪುಡಿ. ಈ ಪುಡಿಯ ಬಗ್ಗೆ ನಿಮಗೊಂದು ಮಾತು ಹೇಳಬೇಕು. ತಾಗಿದರೆ ಸುಲಭಕ್ಕೆ ಹೋಗದ ಕಲೆ. ಹೂವಿನಂಗಡಿಯವರು ಅದನ್ನು ಚಿವುಟಿ ತೆಗೆದೇ ಮಾರುತ್ತಾರೆ. ಪ್ರದರ್ಶನಕ್ಕೆ ಮಾತ್ರ ಚಿವುಟುವಂತಿಲ್ಲ, ಆದರೆ ಎಸಳಿನ ಮೇಲೆ ಒಂದು ಕಣವೂ ಉದುರಿರಬಾರದು.

ಕರೀಮನ ಆಟೋ ಹಿಡಿದೆವು. ಕುಂಡ ನನ್ನ ತೊಡೆಯ ಮೇಲೆ, ಹೂವು ನನ್ನ ಮೂಗಿನ ಮುಂದೆ, ಪಕ್ಕದಲ್ಲಿ ಸರಸಮ್ಮ. ಮೈಸೂರು ರಸ್ತೆಗೆ ಬಂದದ್ದೇ ತಡ, ನಿಧಾನ, ಇನ್ನೂ ನಿಧಾನ ಎಂದು ಅವಳು ಕರೀಮನಿಗೆ ಹೇಳುತ್ತಲೇ ಇದ್ದಳು. ಹಿಂದೆ ಲಾರಿಗಳು ಹಾರ್ನು ಹೊಡೆದು ಹೊಡೆದು ಸುಸ್ತಾದವು. ಹುಲ್ಲು ತುಂಬಿದ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಇಪ್ಪತ್ತು ವರ್ಷದಲ್ಲಿ ಎತ್ತಿನ ಹಿಂದೆ ಬಿದ್ದಿದ್ದು ಇದೇ ಮೊದಲು ಎಂದು ಕರೀಮ್ ಕನ್ನಡಿಯಲ್ಲಿ ನನ್ನನ್ನು ನೋಡಿ ನಿಟ್ಟುಸಿರುಬಿಟ್ಟ.

ಛತ್ರದಲ್ಲಿ ನಾನು ಮೊದಲೇ ನೋಡಿಟ್ಟಿದ್ದ ಮೂಲೆಯಲ್ಲಿ, ಬೆಳಕು ನೇರ ಬೀಳುವಂತೆ ಲಿಲ್ಲಿಯನ್ನು ಇಟ್ಟೆ. ಎದುರು ಸಾಲಿನಲ್ಲಿ ಮನೋಹರನ ಡೇಲಿಯಾ. ಬಾಗಿಲು ತೆರೆದು ಜನ ಬಿಟ್ಟರು. ಜನ ಬಂದವರು ಗುಲಾಬಿ ದಾಟಿದರು, ಸೇವಂತಿಗೆ ದಾಟಿದರು, ಡೇಲಿಯಾದ ಮುಂದೆ ಅರೆಗಳಿಗೆ ನಿಂತರು. ಆಮೇಲೆ ನನ್ನ ಲಿಲ್ಲಿಯನ್ನು ಕಂಡು ಅಲ್ಲೇ ನಿಂತುಬಿಟ್ಟರು. ಅವರ ಹಿಂದಿನವರು ನಿಂತರು. ಅವರ ಹಿಂದಿನವರು ಏನು ಗಲಾಟೆ ಎಂದು ನುಗ್ಗಿದರು. ಮನೋಹರನ ಮುಖ ಸಣ್ಣದಾಗಿದ್ದು ನನಗೆ ಜನರ ತಲೆಗಳ ಮೇಲಿಂದ ಕಂಡಿತು. ಅವತ್ತು ಆ ಐದು ನಿಮಿಷ ನಾನು ಪಟ್ಟ ಸುಖ ಯಾವ ಅರಸನೂ ಪಟ್ಟಿರಲಾರ.

ಆರನೆಯ ನಿಮಿಷಕ್ಕೆ ಅವರ ಮಾತು ಕಿವಿಗೆ ಬಿತ್ತು. ಯಾವ ತಳಿಯ ಹುಳ, ಮರಿ ಸಾಕಿಕೊಡುವ ಯಾವ ಚಾಕಿ ಕೇಂದ್ರದಿಂದ ತಂದಿರಿ, ಎಷ್ಟು ಸಲ ಸೊಪ್ಪು ಹಾಕುತ್ತೀರಿ ಎಂದು ವಿಚಾರಣೆ. ನೋಡಿ, ಇದು ರಾಮನಗರ. ಏಷ್ಯಾಕ್ಕೆ ದೊಡ್ಡ ಗೂಡಿನ ಮಾರ್ಕೆಟ್ಟು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ಊರು. ಇಲ್ಲಿನ ಮನುಷ್ಯನ ಮುಂದೆ ಅಪ್ಸರೆಯೊಬ್ಬಳು ಬಂದು ನಿಂತರೂ, ಅವಳ ಕೈಯಲ್ಲೊಂದು ಗೂಡಿದ್ದರೆ ಅವನು ಮೊದಲು ಗೂಡನ್ನೇ ಒತ್ತಿ ನೋಡುತ್ತಾನೆ. ಹೂವನ್ನು ಯಾರೂ ನೋಡುತ್ತಿರಲಿಲ್ಲ. ಹೂವು ಅಡ್ಡ ಬರುತ್ತದೆಂದು ಒಬ್ಬರು ಅದನ್ನು ಕೈಯಲ್ಲಿ ಸರಿಸಿದರು.

ಸರಸಮ್ಮ ಕಾವಲಿಗೆ ಬಂದವಳು, ಈಗ ಗಿಡದ ಪಕ್ಕ ನಿಂತು ವಿವರಣೆ ಕೊಡುತ್ತಿದ್ದಳು. ಕಿತ್ತುಗಿತ್ತೀರಿ, ಮುಟ್ಟಿ ನೋಡಿ ಪರವಾಗಿಲ್ಲ ಎಂದು ಅನುಮತಿಯನ್ನೂ ಕೊಟ್ಟಿದ್ದಳು. ನೂಲು ತೆಗೆಯುವ ಕಾರ್ಖಾನೆಯ ಹಬೀಬ್ ಸಾಹೇಬರು, ಊರಿನಲ್ಲಿ ಅವರಷ್ಟು ಗೂಡು ಒತ್ತಿದ ಬೆರಳು ಇನ್ನೊಂದಿಲ್ಲ, ಮೊಮ್ಮಗಳಿಗೆ ಹೂವು ತೋರಿಸಲು ಬಂದವರು ಮೊಮ್ಮಗಳನ್ನು ಹೆಂಡತಿ ಖುರ್ಷಿದಾ ಬೇಗಂ ಅವರ ಕೈಗೆ ಕೊಟ್ಟು, ಕನ್ನಡಕ ಹಾಕಿಕೊಂಡು ಗಿಡದೊಳಗೆ ತಲೆ ತೂರಿಸಿದರು. ಒಂದೊಂದೇ ಗೂಡನ್ನು ಎರಡು ಬೆರಳಲ್ಲಿ ಒತ್ತಿದರು. ತಲೆ ಹೊರಗೆ ತೆಗೆದಾಗ ಅವರ ಬಿಳಿ ಟೋಪಿ, ಬಿಳಿ ಗಡ್ಡ, ಮೂಗಿನ ತುದಿ ಎಲ್ಲ ಇಟ್ಟಿಗೆ ಬಣ್ಣ.

“ಏನ್ ಗಟ್ಟಿ ಐತಮ್ಮ. ಒಂದು ಕಲೆ ಇಲ್ಲ, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಒಂದೂ ಇಲ್ಲ. ಯಾವ ಚಂದ್ರಂಕಿ ಇದು?”

“ನಮ್ಮೆಜಮಾನ್ರದು,” ಎಂದಳು ಸರಸಮ್ಮ.

ಅಷ್ಟರಲ್ಲಿ ತೀರ್ಪುಗಾರರು ಬಂದರು. ರಮ್ಯಾ ಮೇಡಂ, ಕನಕಪುರದ ಕಡೆಯವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವರು. ಜನರನ್ನು ಸರಿಸಿ ಗಿಡವನ್ನು ನೋಡಿದರು. ಕಾಂಡ ನೆಟ್ಟಗಿದೆ ಎಂದರು, ಹೂವಿನ ಅಳತೆ ಬಹಳ ಚೆನ್ನಾಗಿದೆ ಎಂದರು. ನಾನು ಶೀಲ್ಡು ಒಯ್ಯಲು ಆಟೋ ಹೇಳಬೇಕೇ ಬಸ್ಸೇ ಸಾಕೇ ಎಂದು ಯೋಚಿಸತೊಡಗಿದೆ. ಆಮೇಲೆ ಅವರು ಮೆಲ್ಲಗೆ ಕೆಮ್ಮಿದರು.

“ನಮ್ಮ ತವರುಮನೇಲೂ ಹುಳ ಸಾಕ್ತಾರೆ, ನಂಗೇನೂ ಬೇಜಾರಿಲ್ಲ. ಆದ್ರೆ ಬಳಗದ ನಿಯಮ ಒಂದಿದೆ. ಗಿಡದ ಮೇಲೆ ಯಾವುದೇ ಹುಳು ಇದ್ರೆ ಸ್ಪರ್ಧೆಗೆ ತಗೊಳ್ಳೋ ಹಾಗಿಲ್ಲ.”

ಅದಕ್ಕೆ ಉತ್ತರ ಕೊಟ್ಟವಳು ಸರಸಮ್ಮ.

“ಹುಳ ಗಿಡದ ಮ್ಯಾಲಿಲ್ಲ ಕಣವ್ವ. ಗೂಡಿನೊಳಗೈತೆ.”

ಮೇಡಂ ಪಕ್ಕದ ತೀರ್ಪುಗಾರರ ಮುಖ ನೋಡಿದರು. ಅವರು ಛಾವಣಿ ನೋಡಿದರು. ಸುತ್ತ ನಿಂತ ಜನ, ಸರಿಯಾದ ಮಾತು, ಒಳಗಿರುವುದು ಮೇಲಿದೆ ಎಂದು ಹೇಗಾಗುತ್ತದೆ ಎಂದು ತಮ್ಮತಮ್ಮಲ್ಲೇ ತೀರ್ಪು ಕೊಟ್ಟುಕೊಂಡರು. ಕೊನೆಗೆ ಮೇಡಂ ನಕ್ಕು, ಆಗಲಿ, ಸ್ಪರ್ಧೆಗೆ ತೆಗೆದುಕೊಳ್ಳೋಣ ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಹೆಂಡತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದದ್ದು ಅದೇ ಮೊದಲು.

ಗೆದ್ದೆ ಎಂದೇ ಅಂದುಕೊಂಡೆ. ಮೇಡಂ ಮೂರನೆಯ ಅಂಶಕ್ಕೆ ಬಂದು ಎಸಳು ನೋಡಲು ಬಗ್ಗಿದರು. ಎಸಳು ಎಲ್ಲಿದೆ? ಬೆಳಗ್ಗೆ ಹಾಲಿನಂತಿದ್ದ ಮೂರು ಹೂವೂ ಈಗ ಇಟ್ಟಿಗೆ ಗೂಡಿನಲ್ಲಿ ಕೆಲಸ ಮುಗಿಸಿ ಬಂದವರ ಹಾಗಿದ್ದವು. ರಾಮನಗರದ ಅರ್ಧ ಜನರ ಮೊಣಕೈ, ತೋಳು, ಸೆರಗು ಉಜ್ಜಿ ಉಜ್ಜಿ ಕೇಸರದ ಪುಡಿ ಪೂರ್ತಿ ಎಸಳಿಗೆ ಬಳಿದುಕೊಂಡಿತ್ತು. ನಡುವಿನ ಹೂವಿನ ಮೇಲೆ ಒಂದು ಹೆಬ್ಬೆಟ್ಟಿನ ಗುರುತು, ಪತ್ರಕ್ಕೆ ಒತ್ತಿದಷ್ಟು ಸ್ಪಷ್ಟವಾಗಿ. ಮೇಡಂ ನೆಟ್ಟಗಾಗಿ ನನ್ನ ಕಡೆ ಮರುಕದಿಂದ ನೋಡಿ ತಲೆಯಾಡಿಸಿದರು. ಆಮೇಲೆ ಆಕಡೆ ಈಕಡೆ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಂದು ಗೂಡನ್ನು ಮೆಲ್ಲಗೆ ಒತ್ತಿ ನೋಡಿ ಹೊರಟರು. ಅವರ ಸೀರೆಗೂ ಒಂದಿಷ್ಟು ಬಣ್ಣ ಹೋಯಿತು.

ಶೀಲ್ಡು ಮನೋಹರನದಾಯಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಹಾಕಿದ.

“ನಿನ್ನ ಗಿಡದ ಮುಂದೆ ಆ ಜನ ನೋಡಿ ನಾನು ಮನೆಗೆ ಹೋಗ್ಬುಡೋಣ ಅಂತಿದ್ದೆ ಕಣ್ಲಾ. ಆಮೇಲೆ ಗೊತ್ತಾಯ್ತು, ಒಬ್ರೂ ಹೂವು ನೋಡ್ತಿಲ್ಲ ಅಂತ.”

ಗೂಡು ಮಂಗಳವಾರ ಬಿಡಿಸಿದೆವು. ಬುಧವಾರ ಮಾರ್ಕೆಟ್ಟಿನಲ್ಲಿ ಹರಾಜಿಗಿಟ್ಟಾಗ ಹಬೀಬ್ ಸಾಹೇಬರು ಬೇರೆಯವರಿಗೆ ಬಿಡದೆ ತಾವೇ ಕೂಗಿ ತೆಗೆದುಕೊಂಡರಂತೆ. ಸರಸಮ್ಮ ಬರುವಾಗ ತಲೆ ತುಂಬ ಮಲ್ಲಿಗೆ ಮುಡಿದು ಬಂದಳು. ಗೂಡು ಕಿತ್ತ ಮೇಲೆ ನನ್ನ ಲಿಲ್ಲಿಯ ಸ್ಥಿತಿ, ಮದುವೆ ಮುಗಿದ ಮಾರನೆಯ ದಿನದ ಚಪ್ಪರದಂತಿತ್ತು. ನಾನು ಕ್ಯಾಂಟೀನಿಗೆ ಹೋಗುವುದು ಬಿಟ್ಟು ಬುತ್ತಿ ಕಟ್ಟಿಸಿಕೊಂಡು ಹೋಗತೊಡಗಿದೆ. ಇನ್ನು ಮೇಲೆ ಲಿಲ್ಲಿಯ ಹೆಸರೆತ್ತುವುದಿಲ್ಲವೆಂದು ತೀರ್ಮಾನವನ್ನೂ ಮಾಡಿದೆ.

ಅಂಥ ಹೊತ್ತಿನಲ್ಲಿ ಒಂದು ಬೆಳಗ್ಗೆ ದೊಡ್ಡಹನುಮಯ್ಯನವರು ನಮ್ಮ ಮನೆಗೆ ಬಂದರು. ಹಾಗೆಲ್ಲ ಯಾರ ಮನೆಗೂ ಹೋಗುವವರಲ್ಲ. ಜಗುಲಿಯ ಮೇಲೆ ಕೂತು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, ಆ ಲಿಲ್ಲಿ ಗಿಡ ಇನ್ನೊಂದಿಪ್ಪತ್ತು ಬೆಳೆದುಕೊಡಲು ಆಗುತ್ತದೆಯೇ ಎಂದು ಕೇಳಿದರು.

ನಾನು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡೆ. ಕೊನೆಗೂ ಒಬ್ಬ. ಇಡೀ ಜಿಲ್ಲೆಯಲ್ಲಿ ಒಬ್ಬ ಮನುಷ್ಯ ನನ್ನ ಲಿಲ್ಲಿಯನ್ನು ಕೇಳಿಕೊಂಡು ನಡೆದು ಬಂದಿದ್ದ. ಯಾವ ಮಣ್ಣು, ಗೆಡ್ಡೆ ಎಷ್ಟು ಆಳ, ಒಂದು ಗಿಡಕ್ಕೆ ಮೂರಲ್ಲ, ಚೆನ್ನಾಗಿ ನೋಡಿಕೊಂಡರೆ ಆರು ಹೂವಿನ ತನಕ ಬರುತ್ತದೆ, ಬಿಳಿ ಬೇಕೋ ಗುಲಾಬಿ ಬಣ್ಣ ಬೇಕೋ ಎಂದು ಹೇಳುತ್ತಾ ಹೋದೆ. ಅವರು ತಾಳ್ಮೆಯಿಂದ ಕೇಳಿ, ಕೈ ಎತ್ತಿ ನನ್ನನ್ನು ತಡೆದರು.

“ಮಾರ್ಕೆಟ್ನಲ್ಲಿ ಹಬೀಬ್ ಸಾಬ್ರು ನಿಮ್ಮನೆ ಗೂಡಿನ ಮಾತೇ ಆಡ್ತಾವ್ರೆ. ನಾಳೆ ಜನ ಚಂದ್ರಂಕಿ ಬುಟ್ಟು ಇದನ್ನೇ ಕೇಳಿದ್ರೆ ನಾನು ಏನ್ ಮಾಡ್ಲಿ? ಬಾಡಿಗೆಗೆ ಬುಡಾಣ ಅಂತ. ಆದ್ರೆ ಒಂದು ಮಾತು ಕಣಪ್ಪ. ಹೂವು ಬುಡಬಾರ್ದು. ಆ ವಾಸ್ನೆ ಹುಳಕ್ಕೆ ಆಗಾಕಿಲ್ಲ. ಮೊಗ್ಗು ಕಂಡ ದಿನವೇ ಚಿವುಟಾಕಿ, ಆಮ್ಯಾಕೆ ಕೊಡು.”

ನಾನು ಆಸರೆಗಾಗಿ ಒಳಗೆ ನೋಡಿದೆ. ಸರಸಮ್ಮ ಹೊಸ ಮರಿಗಳಿಗೆ ಸೊಪ್ಪು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಬೆಳೆಯೋದು ಅವ್ರು ನೋಡ್ಕತ್ತಾರೆ ಮಾವ,” ಎಂದಳು. “ಚಿವುಟೋದು ನಂಗೆ ಬುಡಿ.”